ಫ್ಯಾನ್ ಇಲ್ಲದ ಡೆಸ್ಕ್‌ಟಾಪ್: ಮೊದಲು ಬಿಸಿಗೆ ದಾರಿ ಮಾಡಿ

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿದೆಯಲ್ಲ, ಈ ಕಂಪ್ಯೂಟರ್‌ನಲ್ಲಿ ಒಂದೂ ಫ್ಯಾನ್ ಇಲ್ಲ. ಪ್ರೊಸೆಸರ್ ಮೇಲಿಲ್ಲ, ಕ್ಯಾಬಿನೆಟ್ ಹಿಂದುಗಡೆ ಇಲ್ಲ, ಪವರ್ ಸಪ್ಲೈಗೂ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಕೂಡ ಇಲ್ಲ. ಈಗ ಇದು ಆನ್ ಆಗಿಯೇ ಇದೆ. ನೀವು ಕೇಳುತ್ತಿರುವ ನನ್ನ ಧ್ವನಿಯನ್ನು ಇದರ ಪಕ್ಕದಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೇನೆ. ಸದ್ದು ತೆಗೆಯುವ ಯಾವ ಫಿಲ್ಟರ್ ಕೂಡ ಹಾಕಿಲ್ಲ.

ಆ ಫಿಲ್ಟರ್ ಬೇಡ ಅನ್ನುವುದಕ್ಕೇ ನಾನು ಇಷ್ಟೆಲ್ಲ ಮಾಡಿದ್ದು. ಕಂಪ್ಯೂಟರ್ ಫ್ಯಾನ್‌ನ ಸದ್ದು ಒಂದೇ ಸಮನೆ ಬರುವ ಸುಯ್ ಅನ್ನುವ ಸದ್ದು. ನಮ್ಮ ಮಾತಿನಲ್ಲಿರುವ ಸ, ಶ, ಹ ಕೂಡ ಬಾಯಿಂದ ಹೊರಬರುವ ಗಾಳಿಯ ಸದ್ದೇ ಅಲ್ವಾ? ಸಾಫ್ಟ್‌ವೇರ್ ಫ್ಯಾನ್ ಸದ್ದನ್ನು ಕತ್ತರಿಸುವಾಗ ಈ ಅಕ್ಷರಗಳ ಅಂಚನ್ನೂ ಕಚ್ಚಿಬಿಡುತ್ತದೆ. ಮೆಲ್ಲಗೆ ಆಡಿದ ಮಾತನ್ನು ಎತ್ತರಿಸಿದರೆ ಅದರ ಹಿಂದಿನ ಸುಯ್ ಕೂಡ ಜೊತೆಗೇ ಮೇಲೇಳುತ್ತದೆ. ಮನೆಯ ಕೋಣೆಯಲ್ಲೇ ಕೂತು ಮಾತು, ಹಾಡು, ಪಾಠ ರೆಕಾರ್ಡ್ ಮಾಡುವವರಿಗೆ ಇದು ದಿನದಿನದ ತೊಂದರೆ. ಸದ್ದನ್ನು ಆಮೇಲೆ ತೆಗೆಯುವುದಕ್ಕಿಂತ ಹುಟ್ಟದ ಹಾಗೆ ನೋಡಿಕೊಳ್ಳುವುದೇ ಒಳ್ಳೆಯದು ಅಂತ ನನಗೆ ಅನ್ನಿಸಿತು.

ಇಲ್ಲಿ ಒಂದು ವಿಷಯ ಮೊದಲೇ ಗೊತ್ತಿರಬೇಕು. ಫ್ಯಾನ್ ಬಿಸಿಯನ್ನು ಕಡಿಮೆ ಮಾಡುವುದಿಲ್ಲ. ಅದನ್ನು ಬೇಗ ಆಚೆ ತಳ್ಳುತ್ತದೆ, ಅಷ್ಟೇ. ಪ್ರೊಸೆಸರ್ ಎಳೆದುಕೊಳ್ಳುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. ಫ್ಯಾನ್ ತೆಗೆದ ಮೇಲೆ ಆ ಬಿಸಿ ತಾನಾಗಿ ಕೋಣೆಗೆ ಹೋಗುವ ದಾರಿಯನ್ನು ನಾವೇ ಮಾಡಿಕೊಡಬೇಕು. ಅದಕ್ಕೇ ಕ್ಯಾಬಿನೆಟ್ ಚೆನ್ನಾಗಿ ಕಾಣುತ್ತದೆ ಅಂತ ಅದನ್ನೇ ಮೊದಲು ಕೊಳ್ಳಬೇಡಿ. ಮೊದಲು ವ್ಯಾಟ್ ಲೆಕ್ಕ ಹಾಕಿ.

ನಾನು ಹಾಕಿದ ಪ್ರೊಸೆಸರ್ ಎಎಂಡಿ ರೈಜೆನ್ 5 5600ಜಿ. ಆರು ಕೋರ್. ಗ್ರಾಫಿಕ್ಸ್ ಅದರೊಳಗೇ ಇದೆ, ಹಾಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇದರ ವಿವರಗಳಲ್ಲಿ 65 ವ್ಯಾಟ್ ಅಂತ ಇರುತ್ತದೆ. ಅದನ್ನು ನಂಬಿ ಕೂತರೆ ಕಷ್ಟ. ಪೂರ್ತಿ ಕೆಲಸ ಕೊಟ್ಟಾಗ ಈ ವರ್ಗದ ಪ್ರೊಸೆಸರ್ 88 ವ್ಯಾಟ್‌ವರೆಗೂ ಎಳೆಯಬಹುದು. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಮಾಡುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ ಹೋಗಿ ಇದನ್ನು 45 ವ್ಯಾಟ್‌ನ ಮಟ್ಟಕ್ಕೆ ಇಳಿಸಿದ್ದೇನೆ. ಸ್ಕ್ರೀನ್ ಮೇಲೆ ಆ ಸೆಟ್ಟಿಂಗ್ ಕಾಣುತ್ತಿದೆ ನೋಡಿ. ಎಡಿಟ್ ಮಾಡುವಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಮುಗಿದದ್ದನ್ನು ಒಂದೇ ಫೈಲ್ ಆಗಿ ಹೊರತೆಗೆಯುವುದು ಮಾತ್ರ ಸ್ವಲ್ಪ ತಡವಾಗುತ್ತದೆ. ಇಂಟೆಲ್ ಬೇಕು ಅನ್ನುವವರು ಹೆಸರಿನ ಕೊನೆಗೆ ಟಿ ಇರುವ 35 ವ್ಯಾಟ್‌ನ ಪ್ರೊಸೆಸರ್ ಹುಡುಕಿ. ಬರೀ ಟೈಪಿಂಗ್, ಬ್ರೌಸಿಂಗ್, ವಿಡಿಯೋ ನೋಡುವುದು ಇಷ್ಟೇ ಕೆಲಸ ಅಂದರೆ ಇಂಟೆಲ್ ಎನ್100 ಸಾಕು. ಅದು 6 ವ್ಯಾಟ್ ವರ್ಗದ್ದು. ಅದಕ್ಕೆ ಇಷ್ಟು ದೊಡ್ಡ ಕೂಲರ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಎಳೆದು ಗಾಳಿಗೆ ಬಿಡುವ ಈ ಲೋಹದ ಭಾಗ, ಬೇಡವೇ ಬೇಡ.

ಈಗ ಕೂಲರ್‌ಗೆ ಬರೋಣ. ನನಗೆ ಈ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದು. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2021ರಲ್ಲಿ ತಂದ ಎನ್ಎಚ್-ಪಿ1. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ, 1180 ಗ್ರಾಂ. ಕೆಳಗಿನ ತಾಮ್ರದ ತಳ ಪ್ರೊಸೆಸರ್ ಮೇಲೆ ಕೂರುತ್ತದೆ. ಅಲ್ಲಿಂದ ಆರು ಹೀಟ್ ಪೈಪ್‌ಗಳು ಮೇಲಕ್ಕೆ ಹೋಗುತ್ತವೆ. ಇವು ಸುಮ್ನೆ ತಾಮ್ರದ ಕೊಳವೆಗಳಲ್ಲ. ಇಂಥ ಪೈಪ್‌ನ ಒಳಗಿನ ಗಾಳಿ ತೆಗೆದು, ಚೂರೇ ಚೂರು ನೀರು ಬಿಟ್ಟು, ಎರಡೂ ಕಡೆ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಆವಿ ತಣ್ಣಗಿರುವ ತುದಿಗೆ ಓಡಿ ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹಬೆ ಹನಿಯಾಗಿ ಕೆಳಗಿಳಿಯುತ್ತದಲ್ಲ, ಅದೇ ಕೆಲಸ. ಪೈಪ್‌ನ ಒಳಮೈಯಲ್ಲಿ ಸಣ್ಣ ರಂಧ್ರಗಳ ಪದರ ಇರುತ್ತದೆ. ಅದು ನೀರನ್ನು ಹೀರಿಕೊಂಡು ಬಿಸಿ ತುದಿಗೆ ವಾಪಸ್ ತರುತ್ತದೆ. ಮೋಟಾರ್ ಇಲ್ಲ, ಪಂಪ್ ಇಲ್ಲ. ಅಷ್ಟೇ ದಪ್ಪದ ಗಟ್ಟಿ ತಾಮ್ರದ ಸಲಾಕೆಗಿಂತ ಎಷ್ಟೋ ಪಟ್ಟು ಬೇಗ ಇದು ಬಿಸಿ ಸಾಗಿಸುತ್ತದೆ.

ಪೈಪ್‌ಗಳು ತಂದ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತಗಡುಗಳನ್ನು, ಅಂದರೆ ಫಿನ್‌ಗಳನ್ನು ಹತ್ತಿರದಿಂದ ನೋಡಿ. ಮಾಮೂಲಿ ಕೂಲರ್‌ನಲ್ಲಿ ಅವು ಒತ್ತೊತ್ತಾಗಿರುತ್ತವೆ, ಯಾಕೆಂದರೆ ಫ್ಯಾನ್ ಗಾಳಿಯನ್ನು ಒತ್ತಿ ನುಗ್ಗಿಸುತ್ತದೆ. ಇಲ್ಲಿ ಬಿಸಿಯಾದ ಗಾಳಿ ತಾನೇ ಹಗುರವಾಗಿ ಮೇಲೇಳಬೇಕು. ಸಂದು ಕಿರಿದಾದರೆ ಅದು ಅಲ್ಲೇ ತಂಗಿಬಿಡುತ್ತದೆ. ಅದಕ್ಕೇ ಫಿನ್‌ಗಳು ದಪ್ಪ, ನಡುವಿನ ಜಾಗವೂ ಜಾಸ್ತಿ. ಜೋಡಿಸುವಾಗ ಆ ಸಂದುಗಳು ಕೆಳಗಿನಿಂದ ಮೇಲಕ್ಕೆ ತೆರೆದಿರಬೇಕು. ಅಡ್ಡಡ್ಡ ಕೂರಿಸಿದರೆ ಇಷ್ಟು ದೊಡ್ಡ ಕೂಲರ್ ಇದ್ದೂ ಪ್ರಯೋಜನವಿಲ್ಲ.

ಕ್ಯಾಬಿನೆಟ್‌ಗೂ ಇದೇ ನಿಯಮ. ಕೆಳಗೆ ಜಾಲರಿ, ಮೇಲೆ ಜಾಲರಿ, ನಡುವೆ ಅಡ್ಡಿ ಇರಬಾರದು. ಇದೇನೂ ಹೊಸ ಯೋಚನೆಯಲ್ಲ. ಆಪಲ್ ಕಂಪನಿಯ 1984ರ ಮೊದಲ ಮ್ಯಾಕಿಂತಾಶ್ ಕಂಪ್ಯೂಟರ್‌ನಲ್ಲಿ ಫ್ಯಾನ್ ಇರಲಿಲ್ಲ. 2000ದಲ್ಲಿ ಬಂದ ಪವರ್ ಮ್ಯಾಕ್ ಜಿ4 ಕ್ಯೂಬ್ ಕೂಡ ಬಿಸಿ ಗಾಳಿಯನ್ನು ಮೇಲಿನಿಂದಲೇ ಬಿಡುತ್ತಿತ್ತು. ನಮ್ಮ ಮನೆಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಧೂಳು ಕೂರಬಾರದು ಅಂತ ಟಿವಿಗೆ, ಮಿಕ್ಸಿಗೆ, ಕಂಪ್ಯೂಟರ್‌ಗೆ ಬಟ್ಟೆ ಹೊದಿಸುವ ಅಭ್ಯಾಸ ನಮಗಿದೆ. ಇದು ಆನ್ ಇರುವಾಗ ಮೇಲೆ ಬಟ್ಟೆ ಹಾಕಿದರೆ ಬಿಸಿಯ ದಾರಿಯೇ ಮುಚ್ಚಿಹೋಗುತ್ತದೆ. ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ. ಜಾಲರಿಯ ಕಣ್ಣು ಸಣ್ಣದಿರಲಿ, ಹಲ್ಲಿ ಒಳಗೆ ಹೋಗಬಾರದು. ಅಂದಹಾಗೆ, ಗಾಳಿ ಎಳೆಯುವ ಫ್ಯಾನ್ ಇಲ್ಲದ್ದರಿಂದ ಒಳಗೆ ಧೂಳು ತುಂಬುವುದೂ ಕಡಿಮೆ.

ಪವರ್‌ಗೆ 12 ವೋಲ್ಟ್, 12.5 ಆಂಪಿಯರ್‌ನ ಅಡಾಪ್ಟರ್. ಅಂದರೆ 150 ವ್ಯಾಟ್. ಒಳಗಿರುವುದು ಬೆರಳುದ್ದದ ಒಂದು ಬೋರ್ಡ್ ಮಾತ್ರ. 230 ವೋಲ್ಟ್ ಇಳಿಸುವಾಗ ಹುಟ್ಟುವ ಬಿಸಿಯೆಲ್ಲ ಅಡಾಪ್ಟರ್‌ನಲ್ಲೇ, ಅಂದರೆ ಕ್ಯಾಬಿನೆಟ್‌ನ ಆಚೆಗೇ ಉಳಿಯುತ್ತದೆ. ಈ ಥರದ ಭಾಗಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿದ ತಕ್ಷಣ ಸಿಗುತ್ತವೆ ಅಂತ ಇಟ್ಟುಕೊಳ್ಳಬೇಡಿ. ಕೂಲರ್ ಮತ್ತು ಪವರ್ ಬೋರ್ಡ್ ನಾನು ಆನ್‌ಲೈನ್‌ನಲ್ಲಿ ತರಿಸಿದೆ. ರ‍್ಯಾಮ್, ಹಾರ್ಡ್ ಡಿಸ್ಕ್ ಬದಲಿಗೆ ಹಾಕಿದ ಎಸ್‌ಎಸ್‌ಡಿ, ಭಾಗಗಳನ್ನೆಲ್ಲ ಜೋಡಿಸುವ ಮದರ್‌ಬೋರ್ಡ್ ಎಲ್ಲ ಅಂಗಡಿಯಲ್ಲೇ ಕೊಂಡೆ.

ಮದರ್‌ಬೋರ್ಡ್ ಬಗ್ಗೆ ಒಂದು ಮಾತು. ಪ್ರೊಸೆಸರ್ ಸುತ್ತ ವೋಲ್ಟೇಜ್ ಇಳಿಸುವ ಭಾಗಗಳಿರುತ್ತವೆ, ವಿಆರ್‌ಎಂ ಅನ್ನುತ್ತಾರೆ. ಸಾಮಾನ್ಯವಾಗಿ ಪ್ರೊಸೆಸರ್ ಫ್ಯಾನ್‌ನಿಂದ ಚೆಲ್ಲಿದ ಗಾಳಿ ಇವಕ್ಕೂ ತಗಲುತ್ತದೆ. ಇಲ್ಲಿ ಆ ಗಾಳಿಯೇ ಇಲ್ಲ. ಹಾಗಾಗಿ ಅವುಗಳ ಮೇಲೆ ಹೀಟ್‌ಸಿಂಕ್, ಅಂದರೆ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು ಇರುವ ಬೋರ್ಡನ್ನೇ ಆರಿಸಿ. ಎಸ್‌ಎಸ್‌ಡಿಗೂ ಒಂದು ಹೀಟ್‌ಸಿಂಕ್ ಅಂಟಿಸಿ.

ಫ್ಯಾನ್ ಸದ್ದು ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಸದ್ದುಗಳು ಮೇಲೆ ಬರುತ್ತವೆ. ಪುಟ ಸ್ಕ್ರಾಲ್ ಮಾಡಿದಾಗ ಕಿಯ್ ಅಂತ ಬರುವ ಸಣ್ಣ ಸದ್ದು ಕೆಲವು ಬೋರ್ಡ್‌ಗಳಲ್ಲಿ ಇರುತ್ತದೆ. ಕಾಯಿಲ್ ವೈನ್. ಕಾಯಿಲ್‌ಗಳಲ್ಲಿ ಕರೆಂಟ್ ವೇಗವಾಗಿ ಏರಿಳಿದಾಗ ತಂತಿಯ ಸುತ್ತು ನಡುಗಿ ಬರುವ ಸದ್ದು ಅದು. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಸೀಲಿಂಗ್ ಫ್ಯಾನ್ ಆರಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಜೋರಾಗಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಬೋರ್ಡ್ ಬದಲಾಯಿಸಿಕೊಳ್ಳುವುದು ವಾಸಿ.

ಇನ್ನು ಟೆಂಪರೇಚರ್. ಈ ಪ್ರೊಸೆಸರ್‌ನ ಮಿತಿ 95 ಡಿಗ್ರಿ. ಅದನ್ನು ಮುಟ್ಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನನ್ನ ಕೋಣೆ 27 ಡಿಗ್ರಿ ಇದ್ದಾಗ ಉದ್ದದ ಎಕ್ಸ್‌ಪೋರ್ಟ್ ಕೊನೆಗೆ 77ರ ಆಸುಪಾಸಿನಲ್ಲಿ ನಿಂತಿತು. ಅಂದರೆ ಕೋಣೆಗಿಂತ ಸುಮಾರು 50 ಜಾಸ್ತಿ. ಈ 50ನ್ನು ನೆನಪಿಡಿ. ಫ್ಯಾನ್ ಇಲ್ಲದ ಕಂಪ್ಯೂಟರ್‌ನಲ್ಲಿ ಕೋಣೆ ಎಷ್ಟು ಬಿಸಿಯಾಗುತ್ತದೋ ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟು ಅವಕಾಶವಿದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ದಾಟಿದರೆ ಇದೇ ಸೆಟ್ಟಿಂಗ್‌ನಲ್ಲಿ 90ರ ಮೇಲೆ ಹೋಗುತ್ತದೆ. ಅಲ್ಲಿನವರು 35 ವ್ಯಾಟ್‌ಗೇ ನಿಲ್ಲಿಸುವುದು ಒಳ್ಳೆಯದು. ಇನ್ನೊಂದು ದಾರಿಯೂ ಇದೆ. ರೆಕಾರ್ಡಿಂಗ್ ಮುಗಿದ ಮೇಲೆ ಎಕ್ಸ್‌ಪೋರ್ಟ್‌ಗೆ ಹಾಕಿ, ಸೀಲಿಂಗ್ ಫ್ಯಾನನ್ನು ನಿಧಾನಕ್ಕೆ ಬಿಡಿ. ಅಷ್ಟು ಗಾಳಿ ಆಡಿದರೂ ಟೆಂಪರೇಚರ್ ಇಳಿಯುವುದು ಸ್ಕ್ರೀನ್ ಮೇಲೇ ಕಾಣುತ್ತದೆ.

ದೊಡ್ಡ ಗೇಮ್ ಆಡುವವರು, ತ್ರೀಡಿ ಕೆಲಸ ಮಾಡುವವರು ಈ ದಾರಿಗೆ ಬರಬೇಡಿ. 200 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್‌ಗೆ ಫ್ಯಾನ್ ಬೇಕೇ ಬೇಕು. ನಿಧಾನಕ್ಕೆ ತಿರುಗುವ ದೊಡ್ಡ ಫ್ಯಾನ್ ಹಾಕಿಕೊಳ್ಳಿ.

ಏಪ್ರಿಲ್‌ನಲ್ಲಿ ರಾಯಚೂರಿನ ಅಕ್ಕನ ಮನೆಗೆ ಹೋಗುವಾಗ ಇದನ್ನೂ ತೆಗೆದುಕೊಂಡು ಹೋಗುತ್ತೇನೆ. ಕೂಲರ್ ಭಾರ, ಬಸ್ಸಿನ ಕುಲುಕಾಟಕ್ಕೆ ಬೋರ್ಡ್ ಜಗ್ಗಬಾರದು, ಆದ್ದರಿಂದ ಅದನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಒಯ್ಯುತ್ತೇನೆ. ಅಲ್ಲಿ ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ಕೂರಿಸಿ, ಮಧ್ಯಾಹ್ನದ ಹೊತ್ತಿಗೆ ಇದೇ ಎಕ್ಸ್‌ಪೋರ್ಟನ್ನು 45 ವ್ಯಾಟ್‌ನಲ್ಲಿ ಒಮ್ಮೆ, 35 ವ್ಯಾಟ್‌ನಲ್ಲಿ ಒಮ್ಮೆ ಓಡಿಸುತ್ತೇನೆ. ಎರಡರ ಗ್ರಾಫನ್ನೂ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.