ತಗಡಿನ ಡಬ್ಬಕ್ಕೆ ಕಿಟಕಿ ಕೊರೆದವರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಎಪ್ಪತ್ತರ ದಶಕದ ಅಮೆರಿಕದ ವ್ಯಾನ್‌ಗಳ ಬಗ್ಗೆ ಮಾತಾಡ್ಬೇಕು ಅಂತ ಬಂದಿದೀನಿ. ಶೋರೂಮಿಂದ ಬಂದ ಹಾಗೇ ಓಡ್ಸೋ ವ್ಯಾನ್ ಅಲ್ಲ, ಹುಡುಗರು ತಮ್ಮ ಕೈಯಾರೆ ಕೊರೆದು, ಹೊಲಿದು, ಬಣ್ಣ ಬಳಿದು ಮನೆ ಥರ ಮಾಡ್ಕೊಂಡಿದ್ದ ವ್ಯಾನ್‌ಗಳು.

1976ರಲ್ಲಿ ನಾನು ಓದೋಕೆ ಅಂತ ಮಿಷಿಗನ್‌ಗೆ ಹೋದೆ. ನನ್ನ ಬಾಡಿಗೆ ರೂಮಿನ ಪಕ್ಕದ ಮನೇಲಿ ಒಬ್ಬ ಹುಡುಗ ಇದ್ದ, ಕಾರ್ ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟ್ ಕೆಲಸ, ಅವನ ಹತ್ರ ಒಂದು ಡಾಡ್ಜ್ ಟ್ರೇಡ್ಸ್‌ಮನ್ ಇತ್ತು. ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳು ಸಾಮಾನು ತುಂಬ್ಕೊಂಡು ಓಡಾಡ್ಲಿ ಅಂತ ಮಾಡಿದ ಗಾಡಿ ಅದು. ಮುಂದೆ ಎರಡು ಸೀಟು, ಅವೆರಡರ ಮಧ್ಯೆ ಇಂಜಿನ್ ಮೇಲಿನ ದೊಡ್ಡ ಮುಚ್ಚಳ, ಅದಕ್ಕೆ ಅವರು ಡಾಗ್‌ಹೌಸ್ ಅಂತಿದ್ರು, ಚಳಿಗಾಲದಲ್ಲಿ ಕೈ ಕಾಯಿಸ್ಕೊಳೋಕೆ ಅದೇ ಒಲೆ. ಹಿಂದುಗಡೆ ಬರೀ ತಗಡು. ಮಳೆ ಬಂದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸ್ತಿರ್ಲಿಲ್ಲ.

ಇಂಥ ಡಬ್ಬದ ಮೇಲೆ ಹುಡುಗರಿಗೆ ಯಾಕೆ ಮನಸ್ಸು ಬಂತು ಅಂದ್ರೆ, ಮೊದಲು ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಅಲೆ ಮೇಲೆ ಆಡೋರು ತಮ್ಮ ಉದ್ದನೆ ಹಲಗೆ ಹಾಕ್ಕೊಂಡು ಹೋಗೋಕೆ, ರಾತ್ರಿ ಅದ್ರಲ್ಲೇ ಮಲಗೋಕೆ ಅಂತ ವ್ಯಾನ್ ತಗೊಳ್ತಿದ್ರು, ಆಮೇಲೆ ಸ್ಪೀಡ್ ಕಾರುಗಳಿಗೆ ಇನ್ಶೂರೆನ್ಸ್ ಕಟ್ಟಿ ಕಟ್ಟಿ ಸಾಕಾಗಿ ಹೋಯ್ತು, ಅದರ ಮೇಲೆ 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ್ವು, 1974ರಲ್ಲಿ ಸರ್ಕಾರ ದೇಶಕ್ಕೆಲ್ಲ ಗಂಟೆಗೆ 55 ಮೈಲಿ ಸ್ಪೀಡ್ ಲಿಮಿಟ್ ಹಾಕ್ತು. ಜೋರಾಗಿ ಓಡಿಸೋಕಂತೂ ಆಗಲ್ಲ, ಅಂದ್ಮೇಲೆ ನಿಧಾನಕ್ಕೇ ಹೋಗೋಣ, ಆದ್ರೆ ಒಳಗೆ ಚೆನ್ನಾಗಿ ಕೂತ್ಕೊಂಡು ಹೋಗೋಣ ಅನ್ನೋ ಲೆಕ್ಕಾಚಾರ.

ಆ ಹುಡುಗ ಕಿಟಕಿ ಕೊರೆದ ದಿನ ನಾನೂ ಜೊತೆಗಿದ್ದೆ. ಕಣ್ಣೀರಿನ ಹನಿ ಆಕಾರದ ಕಿಟಕಿ, ಆಗ ಎಲ್ಲಿ ನೋಡಿದ್ರೂ ಅದೇ ಫ್ಯಾಷನ್. ಮೊದಲು ಒಳಗಡೆಯಿಂದ ತಗಡಿನ ಪಟ್ಟಿಗಳು ಎಲ್ಲೆಲ್ಲಿವೆ ಅಂತ ಅಳೆದು, ಒಂದು ಸಣ್ಣ ತೂತು ಹೊಡೆದ. ಹೊರಗೆ ಬಂದು ಆ ತೂತನ್ನೇ ಗುರುತು ಮಾಡ್ಕೊಂಡು, ಪೇಂಟ್ ಗೀಚಬಾರದು ಅಂತ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ರಟ್ಟಿನ ಅಚ್ಚು ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದ. ಆಮೇಲೆ ಜಿಗ್‌ಸಾ, ಅಂದ್ರೆ ಸಣ್ಣ ಬ್ಲೇಡಿನ ಕರೆಂಟ್ ಗರಗಸ. ನನ್ನ ಕೆಲಸ ಒಳಗೆ ಕೂತು ಎರಡೂ ಅಂಗೈ ತಗಡಿಗೆ ಒತ್ತಿ ಹಿಡಿಯೋದು, ಇಲ್ಲಾಂದ್ರೆ ಅದು ಅದುರಿ ಬ್ಲೇಡ್ ಮುರಿಯತ್ತೆ. ಆ ಕರ್ಕಶ ಶಬ್ದ, ಸುಟ್ಟ ಬಣ್ಣದ ವಾಸನೆ, ಆ ಕತ್ತಲೆಯೊಳಗೆ ಒಂದು ಬೆಳಕಿನ ಗೆರೆ ನಿಧಾನಕ್ಕೆ ಬಾಗ್ತಾ ಬಾಗ್ತಾ ಬಂದು ಕೂಡಿಕೊಂಡಿದ್ದು, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತುಂಡು ಟಣ್ ಅಂತ ಬಿತ್ತು. ಅಂಚಿಗೆ ಅರ ಹಾಕಿ ಉಜ್ಜಿ, ರಬ್ಬರ್ ಸುತ್ತಿ, ಒಳಗಿಂದ ರಿಂಗ್ ಕೊಟ್ಟು ಸ್ಕ್ರೂ ಬಿಗಿಯೋ ಹೊತ್ತಿಗೆ ಅವನ ಶಿಫ್ಟ್ ಟೈಮ್ ಆಗಿತ್ತು.

ಗೋಡೆಗೆ ಚಳಿ, ಶಬ್ದ ತಡೆಯೋ ಗ್ಲಾಸ್‌ವೂಲ್ ತುಂಬಿ ಪ್ಲೈವುಡ್ ಹೊಡೆದ, ನೆಲದಿಂದ ಚಾವಣಿ ತನಕ ಉದ್ದ ಕೂದಲಿನ ಶ್ಯಾಗ್ ಕಾರ್ಪೆಟ್ ಅಂಟಿಸಿದ. ಎಂಟು ಟ್ರ್ಯಾಕಿನ ಟೇಪ್ ಪ್ಲೇಯರ್ ಬೇರೆ, ಹಾಡಿನ ಮಧ್ಯೆನೇ ಟಕ್ ಅಂತ ಟ್ರ್ಯಾಕ್ ಬದಲಾಗೋದು.

ಹೊರಗಿನ ಚಿತ್ರದ ಬಗ್ಗೆ ಹೇಳ್ಲೇಬೇಕು. ಗಾಳಿಯಿಂದ ಬಣ್ಣ ಸಿಂಪಡಿಸೋ ಏರ್‌ಬ್ರಷ್‌ನಲ್ಲಿ ಮರುಭೂಮಿಯ ಸೂರ್ಯಾಸ್ತ, ತೋಳ, ಡ್ರ್ಯಾಗನ್, ಮಂತ್ರವಾದಿ, ಹೀಗೆ ಒಂದೊಂದು ಗಾಡಿ ಮೇಲೂ ಒಂದೊಂದು ಲೋಕ. ನನಗೆ ನಮ್ಮ ಕಡೆ ಲಾರಿ ಬಾಡಿ ಕಟ್ಟೋ ಶೆಡ್ಡುಗಳಲ್ಲಿ ಹುಲಿ, ಹಂಸ ಬಿಡಿಸೋ ಪೇಂಟರ್‌ಗಳು ನೆನಪಾಗೋರು. ಎರಡೂ ಕಡೆ ಮ್ಯೂಸಿಯಮ್ಮಿನವರು ಆಗ ತಿರುಗಿ ನೋಡದ ಕಲೆ, ನನ್ನ ಮಟ್ಟಿಗೆ ದೊಡ್ಡ ಕಲೆನೇ.

ವಾರಾಂತ್ಯಕ್ಕೆ ಹತ್ತಾರು ವ್ಯಾನ್ ಸಾಲಾಗಿ ಹೊರಡೋವು, ಸಿಬಿ ರೇಡಿಯೋ ಅನ್ನೋ ಸಣ್ಣ ವೈರ್‌ಲೆಸ್ ಸೆಟ್ಟಲ್ಲಿ ಗಾಡಿಯಿಂದ ಗಾಡಿಗೆ ಹರಟೆ. ಅದರ ಚಾನೆಲ್‌ಗಳು 23 ಇದ್ದದ್ದು 1977ರಲ್ಲಿ 40 ಆದ್ವು, ಅಷ್ಟು ಜನ ಅದ್ರಲ್ಲಿ ಮಾತಾಡ್ತಿದ್ರು. ಕಂಪನಿಗಳೂ ಸುಮ್ಮನಿರ್ಲಿಲ್ಲ. ಫೋರ್ಡ್‌ನವರು ಪಟ್ಟೆ ಬಳಿದು, ಗುಂಡು ಕಿಟಕಿ ಇಟ್ಟು ಕ್ರೂಸಿಂಗ್ ವ್ಯಾನ್ ಅಂತ ಮಾರಿದ್ರು. ಡಾಡ್ಜ್‌ನವರು ಸ್ಟ್ರೀಟ್ ವ್ಯಾನ್ ಅಂತ ತಂದು, ಒಳಗೆ ನೀವೇ ಮಾಡ್ಕೊಳ್ಳಿ ಅಂತ ಐಡಿಯಾಗಳ ಕಿಟ್ ಕೊಟ್ರು. ನನಗೆ ಡಾಡ್ಜ್ ದಾರಿನೇ ಸರಿ ಅನ್ಸತ್ತೆ, ಮಾಡೋ ಖುಷೀನ ಗಿರಾಕಿಗೇ ಬಿಟ್ರು ನೋಡಿ.

1979ರಲ್ಲಿ ಇರಾನ್ ಕ್ರಾಂತಿಯಾಗಿ ಮತ್ತೆ ಪೆಟ್ರೋಲ್ ತುಟ್ಟಿಯಾಯ್ತು, ಮದುವೆ ಮಕ್ಕಳು ಅಂತ ಹುಡುಗರೂ ಬದಲಾದ್ರು, 1983ರ ಕೊನೆಗೆ ಸಂಸಾರಸ್ಥರಿಗೆ ಅಂತ ಕ್ರೈಸ್ಲರ್‌ನ ಮಿನಿವ್ಯಾನ್ ಬಂತು. ಉಳಿದ ಗಾಡಿಗಳನ್ನ ಮಿಷಿಗನ್ನಿನ ಉಪ್ಪು ತಿಂದು ಹಾಕ್ತು. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರಲ್ಲ, ಆ ಉಪ್ಪುನೀರು ಬೂಟಿನ ಜೊತೆ ಒಳಗೆ ಬಂದು ಶ್ಯಾಗ್ ಕಾರ್ಪೆಟ್ಟಲ್ಲಿ ನಿಂತು, ಅದರ ಕೆಳಗಿನ ತಗಡಿನ ನೆಲ ತುಕ್ಕು ಹಿಡಿಯೋದು. ಅಷ್ಟು ಪ್ರೀತಿಯಿಂದ ಅಂಟಿಸಿದ ಕಾರ್ಪೆಟ್ಟೇ ಗಾಡೀನ ಕೊಂದಿದ್ದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಆದ್ರೂ 1973ರಲ್ಲಿ ಕೊಲರಾಡೋದಲ್ಲಿ ಶುರುವಾದ ನ್ಯಾಷನಲ್ ಟ್ರಕ್-ಇನ್ ಅನ್ನೋ ವ್ಯಾನ್ ಜಾತ್ರೆ ನಿಂತಿಲ್ಲ, ಅದೇ ಹಳೇ ಗಾಡಿಗಳನ್ನ ರಿಪೇರಿ ಮಾಡ್ಕೊಂಡು ಜನ ಇನ್ನೂ ಹೋಗ್ತಾರೆ. ಪಕ್ಕದ ಮನೆ ಹುಡುಗ ಅವತ್ತು ಕೊರೆದ ತಗಡಿನ ಹನಿ ನನಗೇ ಕೊಟ್ಟಿದ್ದ. ನನ್ನ ಮೇಜಿನ ಮೇಲಿದೆ. ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಬೂದು ಪ್ರೈಮರ್, ಅಂಚಲ್ಲಿ ಆ ಟೇಪಿನ ಅಂಟು ಈಗಲೂ ಬೆರಳಿಗೆ ಸಿಗತ್ತೆ.