ಎರಡನೇ ಚಾನೆಲ್‌ನ ಅಲೆ ಯಾಕೆ ಕುಗ್ಗಿತು?

ನಮಸ್ಕಾರ, ಬಳ್ಳಾರಿಯ ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದೇನೆ. ಮೇಜಿನ ಮೇಲಿರುವುದು 20 ಮೆಗಾಹರ್ಟ್ಸ್‌ನ ಹಳೇ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಿಗ್ನಲ್ಲನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ. ಇದರಲ್ಲಿ ಎರಡು ಚಾನೆಲ್, ಎರಡು ಸಿಗ್ನಲ್ ಒಟ್ಟಿಗೆ ನೋಡಬಹುದು. ನಮ್ಮ ಮಾವ ಟಿವಿ ರಿಪೇರಿ ಅಂಗಡಿ ಮುಚ್ಚಿದಾಗ "ನೀನ ಇಟ್ಕೋಪಾ, ಗುಜರಿಗೆ ಹಾಕಬ್ಯಾಡ" ಅಂತ ಕೊಟ್ಟಿದ್ದು.

ಇದರ ಮುಂಭಾಗದಲ್ಲೇ ಪರೀಕ್ಷೆಗೆ ಒಂದು ಚೌಕ ಅಲೆ ಸಿಗುತ್ತದೆ, 1 ಕಿಲೋಹರ್ಟ್ಸ್, 2 ವೋಲ್ಟ್. ಪರದೆಯ ಮೇಲಿನ ಚೌಕಗಳಿಗೆ ಮನೆ ಅಂತೀನಿ. ಒಂದು ಮನೆಗೆ 0.5 ವೋಲ್ಟ್ ಇಟ್ಟರೆ ನಾಲ್ಕು ಮನೆ ಎತ್ತರ ಬರಬೇಕು, ಅಲ್ವಾ? ಮೊದಲ ಚಾನೆಲ್‌ನಲ್ಲಿ ಬರುತ್ತದೆ. ಎರಡನೆಯದರಲ್ಲಿ ಒಂದೇ ಮನೆ. ಮನೆಗೆ ಎಷ್ಟು ವೋಲ್ಟ್ ಅಂತ ಆರಿಸುವ ನಾಬ್ ಸ್ವಲ್ಪ ಅಲುಗಿಸಿದರೆ ಅಲೆ ಎಗರಿ ಮತ್ತೆ ಬೀಳುತ್ತದೆ, ನೋಡಿ.

ಸಿಗ್ನಲ್ ಒಳಗೆ ತರುವ ವೈರು, ಅಂದರೆ ಪ್ರೋಬ್, ಅದಲುಬದಲು ಮಾಡಿದೆ, ತಪ್ಪು ಎರಡನೇ ಚಾನೆಲ್‌ನಲ್ಲೇ ಉಳಿಯಿತು. ಆಮೇಲೆ ನಾಬನ್ನು ಒಂದೊಂದೇ ಹೆಜ್ಜೆ ತಿರುಗಿಸಿ, ಪ್ರತಿ ಸಲ ಮೊದಲ ಚಾನೆಲ್ ಜೊತೆ ಹೋಲಿಸಿದೆ. 1 ವೋಲ್ಟ್‌ಗೆ ಎರಡು ಮನೆ, ಸರಿ. ಪ್ರೋಬನ್ನು ×10ಕ್ಕೆ ಇಟ್ಟು (ಆಗ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ) 50 ಮಿಲಿವೋಲ್ಟ್‌ನಲ್ಲಿ ನೋಡಿದರೆ ನಾಲ್ಕು ಮನೆ, ಅದೂ ಸರಿ. ಕೆಡುವುದು 0.1, 0.2, 0.5 ವೋಲ್ಟ್ ಈ ಮೂರರಲ್ಲಿ ಮಾತ್ರ. ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್ ಕೆಟ್ಟಿದ್ದರೆ ಎಲ್ಲ ಕಡೆ ಕೆಡಬೇಕಿತ್ತು. ಈ ಮೂರಕ್ಕೆ ಮಾತ್ರ ಸಿಗ್ನಲ್ಲನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ಅಟೆನ್ಯುಯೇಟರ್ ಅಡ್ಡ ಬರುತ್ತದೆ. ಅಂದರೆ ತಪ್ಪು ಅಲ್ಲಿದೆ, ಅಥವಾ ಅದನ್ನು ಜೋಡಿಸುವ ಸ್ವಿಚ್ಚಿನಲ್ಲಿದೆ. ಇಷ್ಟು ಗೊತ್ತಾಗುವ ಮೊದಲೇ ಐಸಿ ಬಿಚ್ಚಲು ಹೋಗಬೇಡಿ ಪ್ಲೀಸ್, ಹಳೇ ಬೋರ್ಡಿನ ತಾಮ್ರದ ಗೆರೆ ಕಿತ್ತು ಬರುತ್ತದೆ.

ಇನ್ನೊಂದು ಮಾತು. ಪಿಕ್ಚರ್ ಟ್ಯೂಬಿಗೆ ಸುಮಾರು 2,000 ವೋಲ್ಟ್ ಹೋಗುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಪ್ಲಗ್ ಕಿತ್ತು, ಕಾದು, ಆಮೇಲೆ ಕವರ್ ತೆಗೆದೆ, ಟ್ಯೂಬಿನ ಕಡೆ ಕೈ ಹಾಕಲೇ ಇಲ್ಲ.

ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗುವ ಪುಟ್ಟ ಲೋಹದ ಎಲೆಗಳು ಹತ್ತಿರದಿಂದ ಹೀಗೆ ಕಾಣುತ್ತವೆ, ಒಂದರ ತುದಿ ಮಸಿ ಹಿಡಿದಂತಿದೆ. ದಪ್ಪ ಕಾಗದದ ಸಣ್ಣ ಪಟ್ಟಿಯನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿ, ಎಲೆಗಳ ನಡುವೆ ಇಟ್ಟು ಮೆಲ್ಲಗೆ ಎಳೆದೆ. ಕಪ್ಪು ಗೆರೆ ಬಂತು, ಜೊತೆಗೆ ನಮ್ಮೂರಿನ ಕೆಂಪು ಧೂಳು. ನಾಲ್ಕನೇ ಪಟ್ಟಿ ಬೆಳ್ಳಗೆ ಬಂತು. ಎಣ್ಣೆ ಇರುವ ಸ್ಪ್ರೇ ಇಲ್ಲಿ ಬೇಡವೇ ಬೇಡ, ಅದು ಉಳಿದು ಧೂಳನ್ನು ಹಿಡಿದುಕೊಳ್ಳುತ್ತದೆ.

ಪೂರ್ತಿ ಒಣಗಿದ ಮೇಲೆ ಆನ್ ಮಾಡಿದೆ. ನಾಲ್ಕು ಮನೆ! ನಾಬ್ ಅಲುಗಿಸಿದರೂ ಕದಲಲಿಲ್ಲ. ಈಗ ಅಲೆಯನ್ನು ಮೇಲೆ ಕೆಳಗೆ ಸರಿಸುವ ಪೊಸಿಷನ್ ನಾಬ್ ತಿರುಗಿಸಿ ಎರಡನ್ನೂ ಒಂದರ ಮೇಲೊಂದು ತರುತ್ತಿದ್ದೇನೆ, ನೋಡಿ, ಎರಡು ಅಲೆ ಸೇರಿ ಒಂದೇ ಹಸಿರು ಗೆರೆ ಆಯಿತು.