ಪೆಟ್ಟಿಗೆಯ ಕೀಲಿಕೈ ಯಾರ ಜೇಬಲ್ಲಿದೆ ಸಾರ್?

ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಮಾತಾಡುತ್ತಿದ್ದೇನೆ. ಹಿಂದೆ ದಬದಬ ಅಂತ ಕೇಳುತ್ತಿರುವುದು ಮಳೆ. ಮ್ಯೂಸಿಕ್ ಅಲ್ಲ, ನಮ್ಮನೆ ತಗಡು.

ಇವತ್ತು ಹಗ್ಗದ ಗಂಟುಗಳ ಬಗ್ಗೆ ಹೇಳಬೇಕು ಅಂತಿದ್ದೆ. ನೋಡಿ, ಹಗ್ಗ ತಂದು ಮೇಜಿನ ಮೇಲೆ ಇಟ್ಟೂ ಆಗಿದೆ. ಆದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. ಹೋದ ವಾರ ನಾನು ಹೇಳಿದ್ದೆನಲ್ಲ, ರೋವರ್ ಹುಡುಗರ, ಅಂದರೆ ಸ್ಕೌಟಿನ ದೊಡ್ಡ ಹುಡುಗರ, ಕ್ಯಾಂಪಿನ ದುಡ್ಡನ್ನು ಹುಡುಗರೇ ಇಟ್ಟುಕೊಳ್ಳಲಿ ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: 'ಸಾರ್, ನೀವು ತೋಟ ನೋಡಿಕೊಳ್ಳಿ. ಹದಿನೇಳರ ಹುಡುಗರ ಕೈಗೆ ದುಡ್ಡು ಕೊಟ್ಟರೆ ಗೋಬಿ ಮಂಚೂರಿ ಅಂಗಡಿ ಉದ್ಧಾರ ಆಗುತ್ತೆ ಅಷ್ಟೆ.'

ಅದಕ್ಕೆ ಐದು ಲೈಕು. ಅದರಲ್ಲಿ ಒಂದು ನಮ್ಮ ಭಾವನದ್ದು! ಸ್ವಂತ ಭಾವ! ಇರಲಿ. ಭಾವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಹೊಸದಾಗಿ ಸೇರಿದವರಿಗೆ ಒಂದು ಮಾತು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಚಿಕ್ಕ ಮಕ್ಕಳಿಗೆ ಕಬ್, ಬುಲ್‌ಬುಲ್. ಆಮೇಲೆ ಸ್ಕೌಟ್, ಗೈಡ್. ಪಿಯುಸಿ, ಡಿಗ್ರಿಗೆ ಬಂದವರಿಗೆ ರೋವರ್, ರೇಂಜರ್. ಅದು 25 ವರ್ಷದವರೆಗೂ ಇದೆ. ನಾನು ರೋವರ್ ಲೀಡರ್. ಸುಮ್ನೆ ಸ್ಕಾರ್ಫ್ ಕಟ್ಟಿಕೊಂಡು ವಿಡಿಯೋ ಮಾಡುವವನಲ್ಲ.

ಹೊಸ ಲೀಡರ್‌ಗಳು ಫೋನ್ ಮಾಡುತ್ತಾರೆ. ಬೇಸಿಕ್ ಕೋರ್ಸ್ ಮುಗಿಸಿ ಬಂದಿರುತ್ತಾರೆ, ಪಾಪ, ಹುರುಪಿರುತ್ತದೆ. ಎಲ್ಲರದ್ದೂ ಒಂದೇ ದೂರು. 'ಸಾರ್, ಹೈಸ್ಕೂಲ್ ಹುಡುಗರು ಓಡಿ ಬರುತ್ತಾರೆ. ಈ ದೊಡ್ಡ ಹುಡುಗರು ಬರುವುದೇ ಇಲ್ಲ. ಬಂದರೂ ಮೂಲೆಯಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಏನು ಮಾಡುವುದು?' ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ದುಡ್ಡಿನ ಪೆಟ್ಟಿಗೆಯ ಕೀಲಿಕೈ ಯಾರ ಜೇಬಲ್ಲಿದೆ ಸಾರ್?

ಆ ಕಡೆ ಮೌನ. ಆಮೇಲೆ, 'ನನ್ನ ಹತ್ರಾನೇ ಇದೆ.'

ಆಯ್ತಲ್ಲ ಮಾರಾಯ್ರೆ! ಉತ್ತರ ನಿಮ್ಮ ಜೇಬಲ್ಲೇ ಇದೆ!

ಹದಿನೇಳರ ಹುಡುಗ ದಡ್ಡನಲ್ಲ. 'ಈ ಕ್ಯಾಂಪ್ ನಿಮ್ಮದೇ, ನೀವೇ ನಡೆಸಿ' ಅಂತ ನೀವು ಭಾಷಣ ಮಾಡುತ್ತೀರಿ. ಅವನು ಕೊತ್ತಂಬರಿ ಸೊಪ್ಪಿಗೆ ಇಪ್ಪತ್ತು ರೂಪಾಯಿ ಬೇಕು ಅಂತ ನಿಮ್ಮ ಮುಂದೆ ಬಂದು ನಿಲ್ಲಬೇಕು. ನೀವು ಪರ್ಸ್ ತೆಗೆದು, 'ಅಷ್ಟು ಯಾಕೋ, ಹತ್ತು ಸಾಕು' ಅನ್ನುತ್ತೀರಿ. ಕ್ಯಾಂಪ್ ಯಾರದ್ದು ಅಂತ ಅವನಿಗೆ ಅಲ್ಲೇ ತಿಳಿಯಿತು. ಮುಂದಿನ ಸಲ ಅವನು ಬರಲ್ಲ. ಯಾಕೆ ಬರಬೇಕು?

ಇದು ನಾನು ಕಂಡುಹಿಡಿದಿದ್ದೂ ಅಲ್ಲ. 1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ಮಾಡಿದಾಗ ಸುಮಾರು ಇಪ್ಪತ್ತು ಹುಡುಗರಷ್ಟೇ ಇದ್ದದ್ದು. ಅವರನ್ನು ನಾಲ್ಕು ಪೆಟ್ರೋಲ್, ಅಂದರೆ ಚಿಕ್ಕ ಚಿಕ್ಕ ತಂಡ ಮಾಡಿ, ಪ್ರತಿ ಪೆಟ್ರೋಲಿಗೂ ಒಬ್ಬ ಹುಡುಗನನ್ನೇ ಮುಂದಾಳು ಮಾಡಿದರು. ಸೈನ್ಯದಲ್ಲಿ ಆಜ್ಞೆ ಕೊಟ್ಟು ಬೆಳೆದ ಮನುಷ್ಯ ಅವರು. ಅವರಿಗೇ ಬಿಟ್ಟುಕೊಡಲು ಆಯಿತು. ನಮಗೆ ಟೊಮೇಟೊ ದುಡ್ಡು ಬಿಟ್ಟುಕೊಡಲು ಆಗುವುದಿಲ್ಲ!

ಸ್ಕೌಟ್ ನಿಯಮದಲ್ಲಿ ಮೊದಲನೆಯದು ಏನು? ಸ್ಕೌಟ್ ನಂಬಿಕೆಗೆ ಯೋಗ್ಯ. ಎಂಟನೆಯದು? ಸ್ಕೌಟ್ ಮಿತವ್ಯಯಿ. ಎರಡನ್ನೂ ಬಾಯಿಪಾಠ ಮಾಡಿಸುತ್ತೀರಿ, ಬಾವುಟದ ಕೆಳಗೆ ನಿಲ್ಲಿಸಿ ಹೇಳಿಸುತ್ತೀರಿ. ಆಮೇಲೆ ಬೀಗ ಹಾಕುತ್ತೀರಿ. ಖರ್ಚು ಮಾಡಲು ದುಡ್ಡೇ ಕೊಡದೆ ಮಿತವ್ಯಯ ಕಲಿಸುವುದು ಹೇಗೆ? ಹೊಳೆಗೆ ಇಳಿಸದೆ ಈಜು ಕಲಿಸಿದ ಹಾಗೆ.

ಖರಿ ಕಮಾಯಿ ಅಂತ ನಡೆಸುತ್ತೇವಲ್ಲ, ಅದಂತೂ ಕೇಳಲೇಬೇಡಿ. ಹುಡುಗರು ಮೈಮುರಿದು ದುಡಿದು ದುಡ್ಡು ತರುತ್ತಾರೆ. ಅವರ ಬೆವರಿನ ದುಡ್ಡು. ಅದನ್ನೂ ಲೀಡರ್ ಎಣಿಸಿ, ಲೀಡರ್ ಕವರಿಗೆ ಹಾಕಿ, ಲೀಡರ್ ಮನೆ ಬೀರುವಿನಲ್ಲಿ ಇಡುತ್ತಾರೆ. ಕ್ರೂ ಅಂದರೆ ರೋವರ್ ತಂಡ. ಕ್ರೂ ಕೌನ್ಸಿಲ್ ಅಂತ ಒಂದಿರುತ್ತದೆ, ಹುಡುಗರೇ ಕೂತು ತೀರ್ಮಾನ ಮಾಡಲಿ ಅಂತ. ಎಷ್ಟೋ ಕಡೆ ಅದು ರಿಜಿಸ್ಟರಿನಲ್ಲಿ ಸಹಿ ಹಾಕುವುದಕ್ಕೆ ಮಾತ್ರ.

ಒಂದು ನಿಮಿಷ. ಈ ವಿಡಿಯೋ ನಿಮಗೆ ತಲುಪಿಸುತ್ತಿರುವುದು ನಮ್ಮ ಮನೆಯವರು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ. ಜೀರಿಗೆ ಮಿಡಿ, ಕಚ್ಚಿದರೆ ಪರಿಮಳ ಮೂಗಿಗೆ ಏರಬೇಕು. ಇನ್ನು ಒಂಬತ್ತು ಭರಣಿ ಮಾತ್ರ ಇದೆ. ಆ ದುಡ್ಡು ಕೂಡ ನನ್ನ ಕೈಗೆ ಬರಲ್ಲ, ಅವರೇ ಇಟ್ಟುಕೊಳ್ಳುತ್ತಾರೆ. ಹಾಗಾಗಿಯೇ ಈ ವ್ಯಾಪಾರ ನಡೆಯುತ್ತಿದೆ!

ಸರಿ. ಗೋಬಿ ಮಂಚೂರಿಗೆ ಬರೋಣ.

ನಾನು ಮೊದಲ ಸಲ ದುಡ್ಡು ಕೊಟ್ಟಾಗ ಏನಾಯಿತು, ಮುಚ್ಚಿಡದೆ ಹೇಳುತ್ತೇನೆ. ಕುಂದಾದ್ರಿ ತಪ್ಪಲಲ್ಲಿ ಎರಡು ದಿನದ ಕ್ಯಾಂಪ್. ಹದಿನಾಲ್ಕು ಹುಡುಗರು, ತಲೆಗೆ ₹400. ಒಟ್ಟು ₹5,600. ಖಜಾಂಚಿ ಸೆಕೆಂಡ್ ಪಿಯುಸಿ ಹುಡುಗ. ಮೊದಲ ದಿನವೇ ₹4,300 ಉಡೀಸ್! ಪನೀರ್ ತಂದರು, ಕೂಲ್‌ಡ್ರಿಂಕ್ಸ್ ತಂದರು, ಯಾರದ್ದೋ ಹುಟ್ಟಿದಹಬ್ಬ ಅಂತ ಕೇಕ್. ಕಾಡಿನ ಅಂಚಿನಲ್ಲಿ ಕೇಕ್! ನಾನು ಬಂಡೆ ಮೇಲೆ ಕೂತು ನೋಡುತ್ತಿದ್ದೆ. ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ. ಮದುವೆ ಮಾತುಕತೆಯಲ್ಲೂ ಅಷ್ಟು ಸುಮ್ಮನಿರಲಿಲ್ಲ.

ಉಳಿದಿದ್ದು ₹1,300. ವಾಪಸು ಬಸ್ಸಿಗೆ ತಲೆಗೆ ₹50 ಅಂತ ₹700 ಎತ್ತಿಟ್ಟರು. ಇನ್ನುಳಿದ ₹600ರಲ್ಲಿ ಹದಿನಾಲ್ಕು ಜನಕ್ಕೆ ಎರಡು ಊಟ. ರಾತ್ರಿ ಟಾರ್ಚ್ ಬೆಳಕಲ್ಲಿ ಅರ್ಧ ಗಂಟೆ ಮೀಟಿಂಗ್ ನಡೆಯಿತು. ಅಂಥ ಕೌನ್ಸಿಲ್ ಮೀಟಿಂಗನ್ನು ಯಾವ ಟ್ರೈನಿಂಗಿನಲ್ಲೂ ನೋಡಿಲ್ಲ. ಮಾರನೇ ದಿನ ಎರಡು ಹೊತ್ತೂ ಗಂಜಿ. ನನ್ನ ಡಬ್ಬಿಯ ಉಪ್ಪಿನಕಾಯಿ. ಅದೇ ಅಪ್ಪೆಮಿಡಿ, ಒಂಬತ್ತು ಭರಣಿ.

ಸೋಮವಾರ ಒಬ್ಬ ಹುಡುಗನ ತಾಯಿ ಫೋನ್ ಮಾಡಿದರು. 'ಸಾರ್, ನಮ್ಮವನು ಗಂಜಿ ಕುಡಿದನಂತೆ?' ಹೌದಮ್ಮ, ಎರಡು ಹೊತ್ತು ಕುಡಿದ. 'ಅಯ್ಯೋ, ಮನೆಯಲ್ಲಿ ಮುಟ್ಟುವುದೇ ಇಲ್ಲ ಸಾರ್ ಅವನು!'

ಮುಂದಿನ ಕ್ಯಾಂಪಿಗೆ ಅದೇ ಖಜಾಂಚಿ. ಒಂದು ವಾರ ಮೊದಲೇ ಅಂಗಡಿ ಅಂಗಡಿ ತಿರುಗಿ ರೇಟು ಬರೆದುಕೊಂಡು ಬಂದ. ಬಿಲ್ಲುಗಳನ್ನು ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದ. ಕೊನೆಯಲ್ಲಿ ಎಲ್ಲರೆದುರು ಲೆಕ್ಕ ಓದಿದ. ₹85 ಉಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿ ಹೇಳುತ್ತಾನೆ, 'ಸಾರ್, ದಾರಿಯಲ್ಲಿ ನೀವು ಎರಡು ಕಾಫಿ ಜಾಸ್ತಿ ಕುಡಿದಿದ್ದೀರಿ. ₹30 ನಿಮ್ಮದು ಬಾಕಿ.'

ಕೊಟ್ಟೆ! ಎಲ್ಲರೆದುರು ಕೊಟ್ಟೆ! ಕೀಲಿಕೈ ಅವನ ಜೇಬಲ್ಲಿತ್ತು, ಕೊಡದೆ ಏನು ಮಾಡಲಿ?

ಈಗ ಕೆಲವರು ಬರುತ್ತಾರೆ. 'ಸಾರ್, ಆಡಿಟ್ ಇದೆ.' ಇದೆ ಸ್ವಾಮಿ. ಪುಸ್ತಕದಲ್ಲಿ ಖಜಾಂಚಿ ಸಹಿ, ಕೆಳಗೆ ನಿಮ್ಮ ಸಹಿ. ನೋಡಿ, ಮುಟ್ಟಬೇಡಿ. ಅಷ್ಟು ಭಯ ಇದ್ದರೆ ಮೊದಲ ಸಲ ಐನೂರು ರೂಪಾಯಿ ಕೊಡಿ, ತಿಂಡಿ ಖರ್ಚು ಮಾತ್ರ.

'ಸಾರ್, ಸೇಫ್ಟಿ.' ದುಡ್ಡಿಗೂ ಸೇಫ್ಟಿಗೂ ಏನು ಸಂಬಂಧ? ಸೇಫ್ಟಿ ದೊಡ್ಡವರ ಕೆಲಸ, ಅದನ್ನು ಯಾವತ್ತೂ ಬಿಡಬಾರದು. ಹೊಳೆಗೆ ಇಳಿಯಬೇಕೋ ಬೇಡವೋ ನಾನು ಹೇಳುತ್ತೇನೆ, ಅಲ್ಲಿ ಓಟಿಂಗ್ ಇಲ್ಲ. ಅರಣ್ಯ ಇಲಾಖೆ ಅನುಮತಿ, ತಂದೆ ತಾಯಿ ಪತ್ರ, ಜೊತೆಗೆ ಇನ್ನೊಬ್ಬ ಲೀಡರ್, ಎಲ್ಲ ನನ್ನದು. ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕಾಡಿನ ಹೆಸರು ಹೊತ್ತೇ ಓಡಾಡುತ್ತಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಾಗಿದ್ದು. ಬೇಸಿಗೆ ಕ್ಯಾಂಪಾದರೆ ಅದನ್ನು ಹರಡುವ ಉಣುಗು ಕಚ್ಚದ ಹಾಗೆ ಮೈಗೆ ಎಣ್ಣೆ ಹಚ್ಚಿಸುವುದು, ಸಂಜೆ ಕಾಲು ಕತ್ತು ನೋಡಿಕೊಳ್ಳಲು ಹೇಳುವುದು ನನ್ನ ಕೆಲಸ. ಆಸ್ಪತ್ರೆಗೆ ಅಂತ ನನ್ನ ಜೇಬಲ್ಲಿ ಬೇರೆ ಎರಡು ಸಾವಿರ ಇರುತ್ತದೆ. ಅದನ್ನು ಕೇಕಿಗೆ ಯಾರೂ ಕೇಳಿಲ್ಲ. ಉಣುಗು ನಾನು ನೋಡುತ್ತೇನೆ. ಉದ್ದಿನಬೇಳೆ ಅವರು ನೋಡಲಿ!

'ಸಾರ್, ಅವರಿನ್ನೂ ಮಕ್ಕಳು.' ಮಕ್ಕಳಾ? ಅಡಿಕೆ ಕೊಯ್ಲಿನಲ್ಲಿ ನಿಮ್ಮ ಅಂಗಳಕ್ಕೆ ಬರುತ್ತೇನೆ, ತೋರಿಸಿ. ಅಡಿಕೆ ಸುಲಿಯುವವರು ಎಷ್ಟು ಡಬ್ಬ ತುಂಬಿಸಿದರು ಅನ್ನುವ ಲೆಕ್ಕ ಯಾರು ಬರೆಯುತ್ತಾರೆ? ಶನಿವಾರ ಬಟವಾಡೆ ಯಾರು ಎಣಿಸಿ ಕೊಡುತ್ತಾರೆ? ಇದೇ ಹದಿನೇಳರ ಹುಡುಗ! ಒಂದು ಡಬ್ಬ ಹೆಚ್ಚುಕಡಿಮೆ ಆದರೆ ಸುಲಿಯುವ ಹೆಂಗಸರು ಬಿಡುತ್ತಾರಾ ಅವನನ್ನು? ಅಲ್ಲಿ ಸಾವಿರ ಸಾವಿರ ಎಣಿಸುವವನು ಕ್ಯಾಂಪಿಗೆ ಬಂದ ಕೂಡಲೇ ಮಗು ಆಗಿಬಿಡುತ್ತಾನಾ? ಸ್ಕಾರ್ಫ್ ಕಟ್ಟಿದರೆ ವಯಸ್ಸು ಕಡಿಮೆ ಆಗುತ್ತದಾ? ಹಾಗಾದರೆ ನನಗೂ ಎರಡು ಕಟ್ಟಿ!

1989ರಿಂದ ಈ ದೇಶದಲ್ಲಿ 18ಕ್ಕೆ ಓಟು. 21 ಆದರೆ ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, ಗೆದ್ದು ಅಧ್ಯಕ್ಷನೂ ಆಗಬಹುದು. ಆಗ ಪಂಚಾಯಿತಿ ಖರ್ಚಿಗೆ ಸಹಿ ಹಾಕುವವನು ನಮ್ಮ ಕ್ರೂನಲ್ಲೇ ಇರಬಹುದು. ಅವನೂ ಕೊತ್ತಂಬರಿಗೆ ಬಂದು ಕೈ ಚಾಚಬೇಕಾ?

ಪಕ್ಕದ ರೇಂಜರ್ ತಂಡದ ಮೇಡಂ ನನಗಿಂತ ಎರಡು ವರ್ಷ ಮೊದಲೇ ಲೆಕ್ಕದ ಪುಸ್ತಕ ಹುಡುಗಿಯರ ಕೈಗೆ ಕೊಟ್ಟವರು. ಅವರು ವಿಡಿಯೋ ಮಾಡಲ್ಲ, ಅದಕ್ಕೇ ಹೆಸರು ನನಗೆ ಬಂತು.

ಕೀಲಿಕೈ ಕೊಡಿ. ಅಷ್ಟೆ. ಇನ್ನೂ ಕಾರಣ ಬೇಕಾ? ಬೇರೆ ಕಾರಣ ಇಲ್ಲ ನನ್ನ ಹತ್ತಿರ. ಕೊಡಿ ಅಂದರೆ ಕೊಡಿ! ಹಿಡಿದುಕೊಂಡು ಏನು ಮಾಡುತ್ತೀರಿ? ಉಡಿದಾರಕ್ಕೆ ಕಟ್ಟಿಕೊಳ್ಳುತ್ತೀರಾ?

ತಡೀರಿ. ಏ, ಹಚಾ! ಮಂಗ ಬಂತು ತೋಟಕ್ಕೆ. ನಾಯಿ ಬೇರೆ ಮಲಗಿದೆ, ಮಹಾರಾಯ.

ಸಬ್‌ಸ್ಕ್ರೈಬ್ ಮಾಡಿ. ಗಂಟಿನ ವಿಡಿಯೋ ಮುಂದಿನ ವಾರ, ಹಗ್ಗ ಇಲ್ಲೇ ಇರುತ್ತದೆ. ಭಾವ, ನೋಡ್ತಾ ಇದ್ದೀಯಲ್ಲ? ಲೈಕ್ ಒತ್ತುವ ಮೊದಲು ಒಂದು ಹೇಳು. ಹೋದ ವರ್ಷದ ಗಣಪತಿ ಚಂದಾ ಲೆಕ್ಕ ಎಲ್ಲಿ? ಈ ವರ್ಷದ ಚೌತಿ ಹತ್ತಿರ ಬಂತು. ನಮ್ಮ ಖಜಾಂಚಿ ಹುಡುಗ ಭಾನುವಾರ ಬಿಡುವಾಗಿದ್ದಾನೆ, ಗೋಂದು ಹಿಡಿದು ಬರುತ್ತಾನಂತೆ. ಬಿಲ್ಲು ಎತ್ತಿಟ್ಟಿರು.